ಉಂಗುಟದಿಂದ ಇಲಿಬೋನಿನವರೆಗೆ

ಶಿವರಾತ್ರಿಗೆ ತುಸು ಮುನ್ನ, ಕೊಟ್ಟೂರಿನ ಗುರುಬಸವೇಶ್ವರನ ತೇರಿನ ಹೊತ್ತಿಗೆ, ದಾವಣಗೆರೆ ಹರಪನಹಳ್ಳಿಗಳ ಕಡೆಯಿಂದ ಬರುವ ಹಾದಿಗಳು ಜನರಿಂದ ತುಂಬುತ್ತವೆ. ಬಸ್ಸು ಮೋಟಾರುಗಳಿಗೇನೂ ಕೊರತೆಯಿಲ್ಲ. ಆದರೂ ನಡೆದೇ ಬರುತ್ತೇವೆಂದು ಹರಕೆ ಹೊತ್ತವರು ಬಹು ಮಂದಿ. ಬರಿಗಾಲಿನವರನ್ನು ಬಿಟ್ಟರೆ ಉಳಿದವರ ಪಾದಯಾತ್ರೆಯ ಸುಖದುಃಖಗಳೆಲ್ಲ ಒಂದು ಸಣ್ಣ ತೊಗಲಿನ ಕುಣಿಕೆಯನ್ನು ನಂಬಿಕೊಂಡಿರುತ್ತವೆ. ಚಪ್ಪಲಿಯಲ್ಲಿ ಹೆಬ್ಬೆರಳನ್ನು ಹಿಡಿಯುವ ಆ ಕುಣಿಕೆಗೆ ಉಂಗುಟವೆಂದು ಹೆಸರು. ಪಟ್ಟಿ ಸಡಿಲವಾದರೂ, ಅಟ್ಟೆ ಸವೆದರೂ ಹೇಗೋ ಊರು ಮುಟ್ಟಬಹುದು. ಉಂಗುಟ ಕಿತ್ತಿತೆಂದರೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆಯದೆ ಗತ್ಯಂತರವಿಲ್ಲ.

ಈ ಉಂಗುಟದ ಯುಕ್ತಿಯನ್ನು ಸ್ವಲ್ಪ ಗಮನಿಸಿ ನೋಡಬೇಕು. ಅದು ಪಾದದ ಮುಂಭಾಗವನ್ನು ಮಾತ್ರ ಹಿಡಿಯುತ್ತದೆ, ಹಿಮ್ಮಡಿಯನ್ನು ಅದರ ಪಾಡಿಗೆ ಬಿಡುತ್ತದೆ. ನಡೆಯುವಾಗ ಹಿಮ್ಮಡಿ ಮೊದಲು ಮೇಲೇಳಬೇಕು, ಪಾದ ಬೆರಳುಗಳ ಬುಡದಲ್ಲಿ ಬಾಗಬೇಕು, ಕೊನೆಗೆ ಹೆಬ್ಬೆರಳು ನೆಲವನ್ನೊತ್ತಿ ದೇಹವನ್ನು ಮುಂದಕ್ಕೆ ತಳ್ಳಬೇಕು. ಹಿಮ್ಮಡಿಯನ್ನು ಕಟ್ಟಿಹಾಕಿದರೆ ನಡಿಗೆಯೇ ಇಲ್ಲ. ಮಠಗಳಲ್ಲಿ ಕಾಣುವ ಮರದ ಹಾವುಗೆಯದೂ ಇದೇ ತತ್ತ್ವ. ಅಲ್ಲಿ ಕುಣಿಕೆಯ ಬದಲು ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಒಂದು ಮರದ ಗುಂಡಿ. ಹರಳಯ್ಯನ ಕಥೆಯಲ್ಲಿ ಬರುವ ಚಮ್ಮಾವುಗೆ ಎಂಬ ಪದವನ್ನು ಬಿಡಿಸಿದರೂ ಸಿಕ್ಕುವುದು ಚರ್ಮದ ಹಾವುಗೆಯೇ. ಮರವಾಗಲಿ ತೊಗಲಾಗಲಿ, ಹಿಡಿಯುವುದು ಮುಂದೆ, ಬಿಡುವುದು ಹಿಂದೆ.

ಆದರೆ ಈ ಬಿಡುಗಡೆಗೆ ತೆರಬೇಕಾದ ಬೆಲೆಯೂ ಒಂದುಂಟು. ಸಮನೆಲದಲ್ಲಿ ಸುಖವಾಗಿ ಬಂದ ಚಪ್ಪಲಿ ಉಚ್ಚಂಗಿದುರ್ಗದ ಬೆಟ್ಟವಿಳಿಯುವಾಗಲೋ, ಕೂಡ್ಲಿಗಿಯ ಕಲ್ಲುಗುಡ್ಡಗಳ ಇಳಿಜಾರಿನಲ್ಲಿ ಓರೆಯಾಗಿ ಹೆಜ್ಜೆಯಿಡುವಾಗಲೋ ಕಾಲಿನ ಮಾತು ಕೇಳುವುದಿಲ್ಲ. ಬೆರಳು ಒಂದು ಕಡೆ ತೋರಿದರೆ ಅಟ್ಟೆಯ ಹಿಂಭಾಗ ಇನ್ನೊಂದು ಕಡೆ ಜಾರುತ್ತದೆ. ಮಳೆ ಬಿದ್ದ ಮೇಲೆ ಹಡಗಲಿ, ಹಗರಿಬೊಮ್ಮನಹಳ್ಳಿಗಳ ಎರೆಹೊಲ ದಾಟುವವರ ಪಾಡು ಇನ್ನೂ ಕಷ್ಟ. ಹೆಜ್ಜೆಹೆಜ್ಜೆಗೂ ಮಣ್ಣು ಅಂಟಿ ಅಂಟಿ ಚಪ್ಪಲಿ ಕಾಲಿಗಿಂತ ಭಾರವಾಗುತ್ತದೆ, ಉಂಗುಟ ಸೀಳಿ ಬರುತ್ತದೆ. ಮುಂದಕ್ಕೆ ನಡೆಯಲು ಬೇಕಾದ ಸ್ವಾತಂತ್ರ್ಯವೇ ಪಕ್ಕಕ್ಕೆ ತಿರುಗುವಾಗ ಶತ್ರುವಾಗುವುದು: ಇಷ್ಟೇ ಸಮಸ್ಯೆ. ಇದೇ ಸಮಸ್ಯೆ ನಮ್ಮ ಬಿಸಿಲುನಾಡಿನಿಂದ ಬಹುದೂರ, ಹಿಮದ ನಾಡುಗಳಲ್ಲಿ, ಸಾವಿರಾರು ವರ್ಷಗಳಿಂದ ಬಡಗಿ ಕಮ್ಮಾರರನ್ನೂ ಇತ್ತೀಚಿನ ನೂರು ವರ್ಷಗಳಲ್ಲಿ ಇಂಜಿನಿಯರುಗಳನ್ನೂ ಕಾಡಿದೆ. ಏಕೆಂದರೆ ಅಲ್ಲಿಯ ಜನ ಕಾಲಿಗೆ ಕಟ್ಟಿಕೊಂಡದ್ದು ಒಂದು ಗೇಣಿನ ಅಟ್ಟೆಯನ್ನಲ್ಲ, ಆಳುದ್ದದ ಹಲಗೆಯನ್ನು.

ಮಂಜಿನ ಒಡಲಲ್ಲಿ ಏಳು ವರ್ಷ

ಹಿಮ ಬಿದ್ದ ನೆಲದ ಮೇಲೆ ಬರಿಯ ಬೂಟಿನಲ್ಲಿ ನಡೆಯುವವನು ಮೊಣಕಾಲಿನವರೆಗೆ ಹೂತುಹೋಗುತ್ತಾನೆ. ಅದೇ ಭಾರವನ್ನು ಉದ್ದನೆಯ ಹಲಗೆಯ ಮೇಲೆ ಹರಡಿದರೆ ಹೂಳುವುದಿಲ್ಲ; ಮೇಲಾಗಿ ಹಲಗೆ ಜಾರುತ್ತದೆ. ಈ ಹಲಗೆಗಳೇ ಸ್ಕೀಗಳು. ಬೆಟ್ಟದ ತುದಿಯಿಂದ ಧುಮ್ಮಿಕ್ಕುವ ಸ್ಕೀ ಆಟವನ್ನು ವಾಚಕರು ಚಲಚ್ಚಿತ್ರಗಳಲ್ಲಿ ಕಂಡಿರಬಹುದು. ಅದು ಈಚಿನದು. ಮೂಲದ ಸ್ಕೀ ಆಟಕ್ಕಲ್ಲ, ಬದುಕಿಗೆ. ಏರು, ತಗ್ಗು, ಬಯಲು, ಕಾಡುಗಳನ್ನು ದಾಟಿ ಬೇಟೆಗೋ ಪಕ್ಕದ ಊರಿಗೋ ಹೋಗಿಬರುವುದಕ್ಕೆ. ಇಂದು ಅದಕ್ಕೆ ಕ್ರಾಸ್‌ಕಂಟ್ರಿ ಸ್ಕೀಯಿಂಗ್ ಎಂದು ಹೆಸರು. ಸ್ವೀಡನ್ನಿನ ಕಾಲ್ವ್‌ಟ್ರೆಸ್ಕ್ ಎಂಬಲ್ಲಿ ದೊರೆತ ಸ್ಕೀಗೆ ಐದು ಸಾವಿರ ವರ್ಷಕ್ಕೂ ಮೀರಿದ ವಯಸ್ಸು.

ಹಲಗೆಗಳು ಬಹಳ ಕಡೆ ದೊರೆತಿವೆ. ಅವನ್ನು ಕಾಲಿಗೆ ಬಿಗಿದ ಕಟ್ಟುಗಳು ಮಾತ್ರ ದೊರೆಯುವುದು ಅಪರೂಪ. ತೊಗಲು ಕೊಳೆಯುತ್ತದೆ, ಬಳ್ಳಿ ಮಣ್ಣಾಗುತ್ತದೆ. ಆದ್ದರಿಂದಲೇ 2014ರಲ್ಲಿ ನಾರ್ವೆಯ ಡಿಗರ್‌ವಾರ್ಡೆನ್ ಬೆಟ್ಟದ ಮಂಜುಗಡ್ಡೆ ಕರಗಿ, ಕಟ್ಟಿನ ಸಮೇತವಾಗಿ ಒಂದು ಸ್ಕೀ ಹೊರಬಂದಾಗ ಪುರಾತತ್ತ್ವಜ್ಞರಿಗಾದ ಹಿಗ್ಗು ಅಷ್ಟಿಷ್ಟಲ್ಲ. ಅದರ ವಯಸ್ಸು ಸುಮಾರು 1,300 ವರ್ಷ. ಇಲ್ಲಿ ಪಟ್ಟದಕಲ್ಲಿನಲ್ಲಿ ಚಾಲುಕ್ಯರ ಶಿಲ್ಪಿಗಳು ವಿರೂಪಾಕ್ಷ ದೇವಾಲಯವನ್ನು ಎಬ್ಬಿಸುತ್ತಿದ್ದ ಕಾಲದ ಆಸುಪಾಸು. ಆದರೆ ಸಿಕ್ಕದ್ದು ಒಂದೇ ಸ್ಕೀ. ಒಂದು ಕಾಲಿಗೆ ಕಟ್ಟಿಕೊಂಡು ಯಾರೂ ಬೆಟ್ಟ ದಾಟಿರಲಾರರಷ್ಟೆ. ಜೋಡಿ ಆ ಮಂಜಿನಲ್ಲಿಯೇ ಇರಬೇಕೆಂದು ಅವರು ಕಾದರು. ಒಂದಲ್ಲ ಎರಡಲ್ಲ, ಏಳು ವರ್ಷ. 2021ರ ಸೆಪ್ಟೆಂಬರಿನಲ್ಲಿ ಮಂಜು ಇನ್ನಷ್ಟು ಹಿಂದೆ ಸರಿದದ್ದು ಉಪಗ್ರಹದ ಚಿತ್ರಗಳಲ್ಲಿ ಕಂಡಿತು. ಹತ್ತಿ ನೋಡಿದರೆ ಮೊದಲನೆಯದು ಬಿದ್ದಿದ್ದ ಜಾಗದಿಂದ ಕೇವಲ ಐದು ಮೀಟರ್ ದೂರದಲ್ಲಿ ಎರಡನೆಯದು! ಆದರೆ ಅದು ಮಂಜಿಗೆ ಹೆಪ್ಪುಗಟ್ಟಿ ಕೂತಿತ್ತು. ಅಂದು ಬರಿಗೈಯಲ್ಲಿ ಮರಳಿದವರು ಕೆಲವು ದಿನಗಳ ನಂತರ ಹಿಮಗೊಡಲಿಗಳನ್ನೂ ಗ್ಯಾಸ್ ಒಲೆಗಳನ್ನೂ ಹೊತ್ತು ಮತ್ತೆ ಹತ್ತಿದರು. ನೀರು ಬೆಚ್ಚಗೆ ಮಾಡಿ ಮಾಡಿ ಸುರಿದು ಅದನ್ನು ಬಿಡಿಸಿಕೊಂಡರು.

ಆ ಹಲಗೆ 187 ಸೆಂಟಿಮೀಟರ್ ಉದ್ದ, 17 ಸೆಂಟಿಮೀಟರ್ ಅಗಲ. ಪಾದವಿಡುವ ಜಾಗವನ್ನು ತುಸು ಎತ್ತರವಾಗಿ ಉಳಿಸಿ ಕೆತ್ತಿ, ಅದರಲ್ಲಿ ಅಡ್ಡಲಾಗಿ ತೂತು ಕೊರೆದಿದ್ದಾರೆ. ತೂತಿನ ಮೂಲಕ ಒಂದು ತೊಗಲಿನ ಬಾರು, ಹುರಿಹೊಸೆದ ಬರ್ಚ್ ಮರದ ಮೂರು ಬಳ್ಳಿಗಳು, ಅಲುಗದಂತೆ ಒಂದು ಮರದ ಬೆಣೆ. ಮೊದಲನೆಯ ಸ್ಕೀಯಲ್ಲಾದರೋ ಬಾರಿನ ಜತೆಗೆ ಇದ್ದದ್ದು ಒಂದೇ ಬಳ್ಳಿ. ಜೋಡಿಯೆಂದ ಮೇಲೆ ಒಂದರಂತೆ ಇನ್ನೊಂದು ಇರಬೇಡವೆ? ಇರಬೇಕಾಗಿಲ್ಲ. ಕಾರ್ಖಾನೆಯಿಂದ ಬಂದ ಸರಕಲ್ಲ ಅದು. ಸವೆದಂತೆ ತೇಪೆ ಹಾಕಿ, ಕಿತ್ತಂತೆ ಮತ್ತೊಂದು ಬಳ್ಳಿ ಬಿಗಿದು ವರ್ಷಾನುಗಟ್ಟಲೆ ಬಳಸಿದ ಗುರುತುಗಳು ಅವೆರಡರ ಮೇಲೂ ಇವೆ. ಜಾತ್ರೆಯ ಹಾದಿಯಲ್ಲಿ ಕೂತು ಉಂಗುಟ ಹೊಲಿಸಿಕೊಂಡವರಿಗೆ ಆ ಬೇಟೆಗಾರನ ಕಷ್ಟ ಹೇಳಿ ತಿಳಿಸಬೇಕಾಗಿಲ್ಲ.

ಬಳ್ಳಿ, ಕಬ್ಬಿಣ, ನಾಯಿ

ಸ್ಕೀಗೂ ಪಾದಕ್ಕೂ ನಡುವಿನ ಈ ಜೋಡಣೆಯನ್ನು ಇಂಗ್ಲಿಷರು ಬೈಂಡಿಂಗ್ ಎನ್ನುತ್ತಾರೆ. ಕನ್ನಡದ ‘ಕಟ್ಟು’ ಎಂಬ ಎರಡಕ್ಷರ ಅದಕ್ಕೆ ಧಾರಾಳವಾಗಿ ಸಾಲುತ್ತದೆ. ಹೊಸ ಪದ ಹುಟ್ಟಿಸುವ ತೊಂದರೆಯೇ ಬೇಡ.

ಶತಮಾನಗಳ ಕಾಲ ಕಟ್ಟೆಂದರೆ ಬೆರಳುಗಳ ಮೇಲೆ ಹಾದ ಒಂದು ಬಾರು, ಅಷ್ಟೆ. ಬಯಲಿಗೆ ಅದು ಸಾಕು. ಇಳಿಜಾರಿನಲ್ಲಿ ಸ್ಕೀ ತನ್ನಿಚ್ಛೆಯಂತೆ ತಿರುಗುತ್ತಿತ್ತು, ನೆಗೆದರೆ ಕಾಲಿನಿಂದ ಕಳಚಿಯೇ ಹೋಗುತ್ತಿತ್ತು. ನಾರ್ವೆಯ ಟೆಲೆಮಾರ್ಕ್ ಸೀಮೆಯ ಮೊರ್ಗೆಡಾಲ್ ಎಂಬ ಹಳ್ಳಿಯ ಬಡ ಗೇಣಿದಾರ ಸೊಂದ್ರೆ ನೊರ್‌ಹೈಮ್ (1825–1897) ಇದಕ್ಕೊಂದು ದಾರಿ ತೋರಿದವನೆಂದು ಪ್ರಸಿದ್ಧನಾಗಿದ್ದಾನೆ. ನೀರುಹಬ್ಬೆಯಂತಹ ಮರಗಳ ಎಳೆಯ ಕೊಂಬೆಗಳನ್ನು ಹುರಿಹೊಸೆದು, ಬೆರಳ ಬಾರಿನಿಂದ ಹೊರಡಿಸಿ ಹಿಮ್ಮಡಿಯ ಹಿಂದೆ ಸುತ್ತಿಸಿ ತಂದ. ಹುರಿಗೊಂಡ ಕೊಂಬೆ ಬಾಗುತ್ತದೆ, ಆದರೆ ತೊಗಲಿನಂತೆ ಹಿಗ್ಗಿ ಜೋತುಬೀಳುವುದಿಲ್ಲ. ಹಿಮ್ಮಡಿ ಏಳುವುದಕ್ಕೆ ಅಡ್ಡಿಯಿಲ್ಲ; ಬೂಟು ಹಿಂದಕ್ಕೆ ಜಾರುವುದಕ್ಕೆ ಮಾತ್ರ ಅವಕಾಶವಿಲ್ಲ. ಕಾಲು ತಿರುಗಿದರೆ ಸ್ಕೀಯೂ ತಿರುಗಬೇಕಾಯಿತು. 1868ರಲ್ಲಿ ರಾಜಧಾನಿ ಕ್ರಿಸ್ಟಿಯಾನಿಯಾದಲ್ಲಿ—ಇಂದಿನ ಓಸ್ಲೋ—ನಡೆದ ಸ್ಪರ್ಧೆಗೆ ನಲವತ್ತೆರಡರ ಹರೆಯದ ಈ ಹಳ್ಳಿಗ ಸ್ಕೀಗಳ ಮೇಲೆಯೇ ದೂರದ ಊರಿನಿಂದ ಬಂದನೆಂದೂ, ತನಗಿಂತ ಎಷ್ಟೋ ಕಿರಿಯರನ್ನು ಹಿಂದೆ ಹಾಕಿದನೆಂದೂ ಅಲ್ಲಿಯವರು ಇಂದಿಗೂ ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಅಭಿಮಾನ ಹೊಟ್ಟೆ ತುಂಬಿಸಲಿಲ್ಲವೆಂಬುದೂ ಅಷ್ಟೇ ನಿಜ. 1884ರಲ್ಲಿ ಸಂಸಾರ ಸಮೇತ ಅಮೆರಿಕಕ್ಕೆ ವಲಸೆ ಹೋದ ಅವನು ಉತ್ತರ ಡಕೋಟದ ಬಯಲಿನಲ್ಲಿ ತೀರಿಕೊಂಡ.

ಬಳ್ಳಿಯ ನಂತರ ಕಬ್ಬಿಣ ಬಂದಿತು. 1894ರ ಸುಮಾರಿಗೆ ಫ್ರಿಟ್ಸ್ ಹ್ಯೂಟ್‌ಫೆಲ್ಟ್ ಎಂಬ ನಾರ್ವೆಯವನು ಸ್ಕೀಯ ದಪ್ಪದಲ್ಲಿ ಅಡ್ಡಲಾಗಿ ಕಂಡಿ ಕೊರೆದು ಒಂದು ಕಬ್ಬಿಣದ ಪಟ್ಟಿಯನ್ನು ತೂರಿಸಿ, ಅದರ ಎರಡು ತುದಿಗಳನ್ನು ಬೂಟಿನ ಇಕ್ಕೆಲಗಳಲ್ಲಿ ಕಿವಿಗಳಂತೆ ಮೇಲಕ್ಕೆ ಬಗ್ಗಿಸಿದ. ಬೂಟಿನ ಮೂತಿ ಈ ಎರಡು ಕಿವಿಗಳ ನಡುವೆ ಕಚ್ಚಿಕೊಂಡು ಕೂರುತ್ತಿತ್ತು. ಹಿಂದಕ್ಕೆ ಜಾರದಂತೆ ಹಿಮ್ಮಡಿಯ ಸುತ್ತ ತೊಗಲಿನ ಬಾರು. ಅನಂತರ ಬಾರನ್ನು ಬಿಗಿಯಲು ಒಂದು ಸನ್ನೆಯ ಕೊಂಡಿಯನ್ನು ಹೊಯರ್-ಎಲೆಫ್ಸೆನ್ ಎಂಬವನು ಕಂಡುಹಿಡಿದ.

ಹೊಸತನಕ್ಕೆ ಹೊಸ ಹಗೆಗಳು. ರೊವಾಲ್ಡ್ ಅಮುಂಡ್‌ಸೆನ್ ತನ್ನ ನಾಲ್ವರು ಸಂಗಡಿಗರೊಂದಿಗೆ 1911ರ ಡಿಸೆಂಬರ್ 14ರಂದು ದಕ್ಷಿಣ ಧ್ರುವವನ್ನು ಮುಟ್ಟಿದ್ದು ಈ ಬಗೆಯ ಕಟ್ಟುಗಳನ್ನು ತೊಟ್ಟು. ಆ ದಂಡಯಾತ್ರೆಯಲ್ಲಿ ಕಟ್ಟುಗಳಿಗಿದ್ದ ದೊಡ್ಡ ಅಪಾಯ ಚಳಿಯಲ್ಲ, ಬಂಡೆಯಲ್ಲ. ಜಾರುಬಂಡಿ ಎಳೆಯುವ ನಾಯಿಗಳು! ತೊಗಲೆಂದರೆ ಅವಕ್ಕೆ ಮೃಷ್ಟಾನ್ನ. ಹೊರಗೆ ಬಿಟ್ಟ ಬಾರು ಬೆಳಗಾಗುವುದರೊಳಗೆ ನಾಯಿಯ ಹೊಟ್ಟೆ ಸೇರುತ್ತಿತ್ತು. ಹೀಗಾಗಿ ದಿನವೆಲ್ಲ ನಡೆದು ಬಳಲಿದವರು ಸಂಜೆ ಡೇರೆ ಹಾಕಿದ ಮೇಲೆ ಸ್ಕೀಗಳಿಂದ ಬಾರುಗಳನ್ನೆಲ್ಲ ಬಿಚ್ಚಿ ಜೋಪಾನವಾಗಿ ತೆಗೆದಿಡಬೇಕು, ಮುಂಜಾನೆ ಮರಳಿ ಕಟ್ಟಬೇಕು. ಮರಗಟ್ಟಿದ ಬೆರಳುಗಳಲ್ಲಿ ಇದೆಷ್ಟು ಪ್ರಯಾಸದ ಕೆಲಸವೆಂಬುದನ್ನು ಊಹಿಸಿಕೊಳ್ಳಬಹುದು. ಕಟ್ಟು ಗಟ್ಟಿಯಾಗಿದ್ದರಷ್ಟೇ ಸಾಲದು, ಚಳಿಯಲ್ಲಿ ಬೇಗನೆ ಬಿಚ್ಚಿ ಬೇಗನೆ ಹಾಕುವಂತಿರಬೇಕು. ಹತ್ತಿರದಲ್ಲಿ ಊರಿಲ್ಲದ, ಅಂಗಡಿಯಿಲ್ಲದ, ಚಮ್ಮಾರನಿಲ್ಲದ ಆ ಮಂಜಿನ ಮರುಭೂಮಿಯಲ್ಲಿ ಒಂದು ಬಾರು ಕಳೆದುಕೊಂಡವನು ಉಳಿದವರಿಗೆಲ್ಲ ಹೊರೆ.

ಇಲಿಬೋನು

1927ರಲ್ಲಿ ಬ್ರೂರ್ ವಿಥ್ ಎಂಬ ನಾರ್ವೆಯ ಸ್ಕೀಗಾರ ಬಾರಿನ ಹಂಗನ್ನೇ ಹರಿದುಹಾಕಿದ. ಅವನ ಕಟ್ಟು ಒಂದು ಪುಟ್ಟ ಲೋಹದ ತಟ್ಟೆ. ತಟ್ಟೆಯಿಂದ ಮೇಲಕ್ಕೆ ಚಾಚಿದ ಮೂರು ಗಿಡ್ಡ ಮೊಳೆಗಳು. ಮೇಲಿನಿಂದ ಕವುಚಿ ಬೀಳುವ ಒಂದು ತಂತಿಯ ಚೌಕಟ್ಟು. ಬೂಟಿನ ಅಟ್ಟೆ ಮುಂದುಗಡೆ ಬಾತುಕೋಳಿಯ ಕೊಕ್ಕಿನಂತೆ ಚಾಚಿರುತ್ತದೆ, ಅದರಲ್ಲಿ ಮೂರು ತೂತು. ತೂತುಗಳನ್ನು ಮೊಳೆಗಳ ಮೇಲೆ ಕೂರಿಸಿ ಚೌಕಟ್ಟನ್ನು ಟಪ್ಪನೆ ಅಮುಕಿದರೆ ಮುಗಿಯಿತು. ನೋಡಲು ಥೇಟು ಇಲಿಬೋನು. ಹೆಸರೂ ಅದೇ ಆಯಿತು: ರೊಟ್ಟೆಫೆಲ್ಲಾ ಎಂದರೆ ನಾರ್ವೆಯ ಭಾಷೆಯಲ್ಲಿ ಇಲಿಬೋನೆಂದೇ ಅರ್ಥ. ಆ ಹೆಸರಿನ ಸಂಸ್ಥೆ ಇಂದಿಗೂ ಕಟ್ಟುಗಳನ್ನು ತಯಾರಿಸುತ್ತಿದೆ.

ಇಲಿಬೋನಿನ ಹಿರಿಮೆ ಅದರ ಸರಳತೆಯಲ್ಲಿದೆ. ಹಿಮ್ಮಡಿಯ ಸುತ್ತ ಏನೂ ಇಲ್ಲ, ಆದ್ದರಿಂದ ಹಿಮ್ಮಡಿ ಪೂರ್ಣ ಸ್ವತಂತ್ರ. ಮೂರು ಮೊಳೆಗಳಿರುವುದರಿಂದ ಬೂಟಿನ ಮೂತಿ ಪಕ್ಕಕ್ಕೆ ಹೊರಳಲಾರದು. ಬೂಟಿನ ಕೊಕ್ಕಿನ ಅಗಲವನ್ನು 75 ಮಿಲಿಮೀಟರ್ ಎಂದು ಗೊತ್ತುಮಾಡಿದ ಮೇಲೆ ಯಾವ ಅಂಗಡಿಯ ಬೂಟಾದರೂ ಯಾವ ಅಂಗಡಿಯ ಕಟ್ಟಿಗಾದರೂ ಕೂರುವಂತಾಯಿತು. ಅರ್ಧ ಶತಮಾನದ ಕಾಲ ಇದಕ್ಕೆ ಎದುರಿಲ್ಲ.

ಇದೇ ಕಾಲಕ್ಕೆ ಆಲ್ಪ್ಸ್ ಪರ್ವತದ ಸೀಮೆಯಲ್ಲಿ ಸ್ಕೀಯ ಇನ್ನೊಂದು ಕವಲು ಒಡೆಯಿತು. ಕಡಿದಾದ ಇಳಿಜಾರಿನಲ್ಲಿ ವೇಗವಾಗಿ ಇಳಿಯುವವರಿಗೆ ನಡಿಗೆಯ ಗೊಡವೆಯಿಲ್ಲ. ಅವರು ಹಿಮ್ಮಡಿಯನ್ನೂ ಹಲಗೆಗೆ ಬಿಗಿದರು. ಬಿಗಿದಷ್ಟೂ ಸ್ಕೀ ಮಾತು ಕೇಳಿತು, ಬಿದ್ದರೆ ಕಾಲೂ ಮುರಿಯಿತು. ಅಮೆರಿಕದಲ್ಲಿ ನೆಲೆಸಿದ್ದ ನಾರ್ವೆಯ ಯಾಲ್ಮರ್ ವಾಮ್ ಎಂಬ ಪಟು 1937ರಲ್ಲಿ ಹೀಗೆಯೇ ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದ್ದಾಗ, ಅರಿವಳಿಕೆಯ ಮಂಪರಿನಿಂದ ಎಚ್ಚರಗೊಳ್ಳುತ್ತಿರುವಾಗ, ಒತ್ತಡ ಮಿತಿಮೀರಿದರೆ ತಾನಾಗಿ ಕಳಚಿಕೊಳ್ಳುವ ಕಟ್ಟಿನ ಉಪಾಯ ಹೊಳೆಯಿತಂತೆ. ಇಳಿಜಾರಿನ ಸ್ಕೀಗಳೆಲ್ಲ ಈಗ ಆ ದಾರಿಯಲ್ಲಿವೆ. ಕ್ರಾಸ್‌ಕಂಟ್ರಿಯ ಕಟ್ಟಿಗೆ ಸಾಮಾನ್ಯವಾಗಿ ಅಂತಹ ಏರ್ಪಾಡಿಲ್ಲ. ಮುಗ್ಗರಿಸಿದರೆ ಬಿಡುವಾಗಿರುವ ಹಿಮ್ಮಡಿ ಏಳುತ್ತದೆ, ಮೆತ್ತನೆಯ ಬೂಟು ಬಾಗುತ್ತದೆ, ಕಾಲು ಬದುಕುತ್ತದೆ.

ಒಂದು ಕಂಬಿ, ಒಂದು ರಬ್ಬರು

ಇಲಿಬೋನಿನ ಆಳ್ವಿಕೆಯನ್ನು ಕೊನೆಗಾಣಿಸಿದ್ದು ಪ್ಲಾಸ್ಟಿಕ್ಕು. 1974ರಲ್ಲಿ ಸ್ವೀಡನ್ನಿನ ಫಾಲುನ್‌ನಲ್ಲಿ ನಡೆದ ವಿಶ್ವ ಸ್ಪರ್ಧೆಯಲ್ಲಿ ಗಾಜಿನೆಳೆಯ ಸ್ಕೀಗಳು ಮರದ ಸ್ಕೀಗಳನ್ನು ಮೂಲೆಗೆ ತಳ್ಳಿದವು. ಹೊಸ ಸ್ಕೀಗಳು ಹಗುರ, ಚುರುಕು, ಬಹು ಕಿರಿದು. ಇಂದಿನ ಸ್ಪರ್ಧೆಯ ಸ್ಕೀ ಎರಡು ಮೀಟರಿನಷ್ಟು ಉದ್ದವಿದ್ದರೂ ಅಗಲ ನಾಲ್ಕೂವರೆ ಸೆಂಟಿಮೀಟರಿಗಿಂತ ಹೆಚ್ಚಿಲ್ಲ, ಅಂದರೆ ಮೂರು ಬೆರಳಿನಷ್ಟು. ಅದರ ಮೇಲೆ 75 ಮಿಲಿಮೀಟರ್ ಅಗಲದ ತಟ್ಟೆಯನ್ನು ಕೂರಿಸಿದರೆ ಅದು ಎರಡು ಕಡೆಯೂ ಹೊರಚಾಚಿ ಹಿಮವನ್ನು ಉಜ್ಜುತ್ತದೆ. ಕಟ್ಟು ಕಿರಿದಾಗಲೇಬೇಕಾಯಿತು. ಆದರೆ ಕಟ್ಟು ಕಿರಿದಾದಷ್ಟೂ ಹಳೆಯ ಸಮಸ್ಯೆ ಹೊಸ ಉಗ್ರತೆಯಿಂದ ಮೇಲೆದ್ದಿತು. ಕಿರಿಯ ಕಟ್ಟಿನಿಂದ ಉದ್ದನೆಯ ಹಲಗೆಯನ್ನು ತಿರುಗಿಸುವುದು ಹೇಗೆ? ಬಿಸಾಗುದ್ದಲಿಯ ಕಾವನ್ನು ಎರಡು ಬೆರಳಲ್ಲಿ ಹಿಡಿದು ಅಗೆಯಲಾದೀತೆ?

1980ರ ಆಸುಪಾಸಿನಲ್ಲಿ ಫ್ರಾನ್ಸಿನ ಸಾಲೋಮನ್ ಸಂಸ್ಥೆಯೂ, ಅದರ ಬೆನ್ನಿಗೆ ಅದೇ ದಶಕದಲ್ಲಿ ರೊಟ್ಟೆಫೆಲ್ಲಾ ಸಂಸ್ಥೆಯೂ ತಂದ ಉತ್ತರ ಮೆಚ್ಚತಕ್ಕದ್ದು. ಹಿಡಿಯುವ ಕೆಲಸವನ್ನೂ ತಿರುಗಿಸುವ ಕೆಲಸವನ್ನೂ ಅವರು ಬೇರೆಬೇರೆ ಅಂಗಗಳಿಗೆ ಹಂಚಿದರು. ಹಿಡಿಯುವುದಕ್ಕೆ ಬೂಟಿನ ಅಟ್ಟೆಯ ಮುಂತುದಿಯಲ್ಲಿಯೇ ಅಡ್ಡಲಾಗಿ ಒಂದು ಉಕ್ಕಿನ ಕಂಬಿ ಹುದುಗಿಸಿದರು. ಕಟ್ಟಿನ ಕೊಕ್ಕೆ ಆ ಕಂಬಿಯನ್ನು ಕಚ್ಚುತ್ತದೆ. ಬಾಗಿಲು ತಿರುಗಣಿಯ ಮೇಲೆ ಆಡುವಂತೆ ಬೂಟು ಕಂಬಿಯ ಮೇಲೆ ಆಡುತ್ತದೆ. ತಿರುಗಿಸುವುದಕ್ಕೆ ಸ್ಕೀಯ ಮೇಲೆ ಉದ್ದಕ್ಕೂ ದಿಂಡುಗಳು, ಅಟ್ಟೆಯ ಅಡಿಯಲ್ಲಿ ಅವಕ್ಕೆ ಹೊಂದುವ ಕಾಲುವೆಗಳು. ಸಾಲೋಮನ್ನರದು ಅಗಲವಾದ ಒಂದೇ ದಿಂಡು, ರೊಟ್ಟೆಫೆಲ್ಲಾದವರದು ಜೋಡಿ ದಿಂಡು. ಹಿಮ್ಮಡಿ ಮೇಲಿರುವಾಗ ಬೂಟು ಸ್ವತಂತ್ರ. ಕೆಳಗಿಳಿದ ಕ್ಷಣ ದಿಂಡು ಕಾಲುವೆಗಳು ಒಂದರೊಳಗೊಂದು ಕೂತು ಕಾಲು ಹಲಗೆಗಳು ಏಕವಾಗುತ್ತವೆ. ಬಿಡುಗಡೆ ಬೇಕಾದಾಗ ಬಿಡುಗಡೆ, ಹಿಡಿತ ಬೇಕಾದಾಗ ಹಿಡಿತ. ಉಂಗುಟದಿಂದ ಹೊರಟ ಪ್ರಶ್ನೆಗೆ ಇಷ್ಟು ಅಚ್ಚುಕಟ್ಟಾದ ಉತ್ತರ ಅದುವರೆಗೆ ಬಂದಿರಲಿಲ್ಲವೆನ್ನಬೇಕು.

ಮೂರನೆಯ ಅಂಗವೊಂದಿದೆ, ನೋಡಲು ಅಲ್ಪ. ಕಂಬಿಯ ಮುಂದೆ ಬೂಟಿನ ಮೂತಿಗೆ ಒರಗಿದಂತೆ ಒಂದು ರಬ್ಬರಿನ ಗುಬ್ಬಿ. ಹಿಮ್ಮಡಿ ಎದ್ದಾಗ ಅದು ಅದುಮಿಕೊಳ್ಳುತ್ತದೆ. ಕಾಲು ನೆಲಬಿಟ್ಟೊಡನೆ ಹಿಗ್ಗಿ ಸ್ಕೀಯ ಬಾಲವನ್ನು ಮರಳಿ ಬೂಟಿನ ಕಡೆಗೆ ಎಳೆಯುತ್ತದೆ. ಇಲ್ಲದಿದ್ದರೆ ಸ್ಕೀ ಸಡಿಲ ಚಪ್ಪಲಿಯಂತೆ ಲಟಪಟ ಬಡಿದಾಡುತ್ತಿತ್ತು. ಈ ಗುಬ್ಬಿ ಎಷ್ಟು ಗಟ್ಟಿಯಿರಬೇಕೆಂಬುದು ಓಟದ ರೀತಿಯನ್ನು ಅವಲಂಬಿಸಿದೆ. ಹಿಮದಲ್ಲಿ ಕೊರೆದ ಸಮಾನಾಂತರ ಕಾಲುವೆಗಳಲ್ಲಿ ನೆಟ್ಟಗೆ ಓಡುವ ಶಾಸ್ತ್ರೀಯ ಶೈಲಿಗೆ ಮೆತ್ತನೆಯದು ಬೇಕು, ಹಿಮ್ಮಡಿ ಸಲೀಸಾಗಿ ಏಳಲೆಂದು. 1982ರಲ್ಲಿ ಅಮೆರಿಕದ ಬಿಲ್ ಕಾಕ್ ವಿಶ್ವಕಪ್ಪನ್ನು ಗೆದ್ದುಕೊಂಡು ಹೆಸರುವಾಸಿ ಮಾಡಿದ ಇನ್ನೊಂದು ಶೈಲಿಯಲ್ಲಿ ಓಟಗಾರ ಸ್ಕೀಯನ್ನು ಓರೆಯಾಗಿ ಪಕ್ಕಕ್ಕೆ ಒದ್ದು ಸಾಗುತ್ತಾನೆ. ಅದಕ್ಕೆ ಗಟ್ಟಿ ಗುಬ್ಬಿ. ಹೊಸ ಶೈಲಿ ಎಷ್ಟು ವೇಗದ್ದೆಂದರೆ ಹಳೆಯದು ಅಳಿದೇಹೋದೀತೆಂದು ಹೆದರಿ ಎರಡಕ್ಕೂ ಬೇರೆಬೇರೆ ಸ್ಪರ್ಧೆಗಳನ್ನು ಏರ್ಪಡಿಸಬೇಕಾಯಿತು. 1988ರ ಕ್ಯಾಲ್ಗರಿ ಒಲಿಂಪಿಕ್ಸಿನಿಂದ ಅದೇ ಪದ್ಧತಿ ನಡೆದಿದೆ.

ಕಟ್ಟನ್ನು ರೂಪಿಸುವವನು ಲೆಕ್ಕಹಾಕಬೇಕಾದ ಸಂಗತಿಗಳು ಇನ್ನೂ ಹಲವು. ಭಾರವನ್ನೇ ತೆಗೆದುಕೊಳ್ಳಿ. 50 ಕಿಲೋಮೀಟರ್ ಓಟದಲ್ಲಿ ಹೆಜ್ಜೆಗೆ ಎರಡು ಮೀಟರ್ ಎಂದಿಟ್ಟುಕೊಂಡರೂ 25,000 ಹೆಜ್ಜೆ. ಕಟ್ಟು 50 ಗ್ರಾಂ ಹೆಚ್ಚು ತೂಗಿದರೆ ಓಟ ಮುಗಿಯುವುದರೊಳಗೆ ಓಟಗಾರ ವೃಥಾ ಎತ್ತಿದ ಭಾರ 1,250 ಕಿಲೋಗ್ರಾಂ. ಕ್ವಿಂಟಲ್ ಚೀಲದ ಲೆಕ್ಕದಲ್ಲಿ ಹನ್ನೆರಡೂವರೆ ಚೀಲ ಜೋಳ! ಇನ್ನು ಚಳಿ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಕೆಲವು ಪ್ಲಾಸ್ಟಿಕ್ಕುಗಳು ಬಿಸ್ಕತ್ತಿನಂತೆ ಮುರಿಯುತ್ತವೆ, ರಬ್ಬರು ಮರಗಟ್ಟುತ್ತದೆ. ಎರೆಮಣ್ಣು ಚಪ್ಪಲಿಗೆ ಅಂಟುವಂತೆ ಹಿಮ ಅಟ್ಟೆಗೆ ಅಂಟಿ ಗಡ್ಡೆಯಾಗುತ್ತದೆ. ಕೊಕ್ಕೆಯ ಸಂದಿನಲ್ಲಿ ಸೇರಿಕೊಂಡರೆ ಕಂಬಿ ಕಚ್ಚುವುದೇ ಇಲ್ಲ. ಕೈಗವಸು ತೆಗೆಯದೆ ಹಾಕಿ ಬಿಚ್ಚುವಂತಿರಬೇಕೆಂಬ ಅಮುಂಡ್‌ಸೆನ್ನನ ಕಾಲದ ಬೇಡಿಕೆ ಇಂದಿಗೂ ಹಾಗೆಯೇ ಇದೆ.

ಎಲ್ಲಕ್ಕಿಂತ ನಾಜೂಕಾದದ್ದು ಕಟ್ಟನ್ನು ಕೂರಿಸುವ ಸ್ಥಳ. ಸ್ಕೀಯ ನಡುಭಾಗ ಬಿಲ್ಲಿನಂತೆ ಮೇಲಕ್ಕೆ ಬಾಗಿರುತ್ತದೆ. ಶಾಸ್ತ್ರೀಯ ಶೈಲಿಯಲ್ಲಿ ಆ ಕಮಾನಿನ ಅಡಿಗೆ ಮಾತ್ರ ಅಂಟುವ ಮೇಣ ಸವರಿರುತ್ತಾರೆ. ಓಟಗಾರ ಒಂದೇ ಕಾಲಿನ ಮೇಲೆ ಬಲವಾಗಿ ಒತ್ತಿದಾಗ ಕಮಾನು ಚಪ್ಪಟೆಯಾಗಿ ಮೇಣ ಹಿಮವನ್ನು ಕಚ್ಚಿ ಹಿಡಿಯುತ್ತದೆ. ಭಾರ ತಗ್ಗಿದೊಡನೆ ಕಮಾನೆದ್ದು ಸ್ಕೀ ಜಾರುತ್ತದೆ. ಕಟ್ಟು ಒಂದು ಬೆರಳು ಮುಂದಾದರೆ ಹಿಡಿತ ಹೆಚ್ಚು, ಜಾರು ಕಡಿಮೆ; ಹಿಂದಾದರೆ ಅದರ ತಿರುವುಮುರುವು. ಸಾಮಾನ್ಯವಾಗಿ ಬೂಟಿನ ಕಂಬಿ ಸ್ಕೀಯ ತೂಕದ ನಡುಬಿಂದುವಿನ ಮೇಲೆ ಬರುವಂತೆ ಕೂರಿಸುತ್ತಾರೆ. ಕುಶಲಿಗ ಪಡಿಯಚ್ಚನ್ನಿಟ್ಟು 3.6 ಮಿಲಿಮೀಟರಿನ ಬೈರಿಗೆಯಿಂದ ತೂತು ಕೊರೆದು, ನೀರು ಒಳಗಿಳಿಯದಂತೆ ಅಂಟು ತುಂಬಿ ತಿರುಪು ಬಿಗಿಯುತ್ತಾನೆ. ಒಮ್ಮೆ ತಪ್ಪು ಜಾಗದಲ್ಲಿ ಕೊರೆದರೆ ತೂತು ತೂತೇ. ಈಚೆಗೆ ಬಂದಿರುವ ಸ್ಕೀಗಳಲ್ಲಿ ತೂತಿನ ಗೋಜಿಲ್ಲದೆ, ಮೊದಲೇ ಅಂಟಿಸಿದ ಫಲಕದ ಮೇಲೆ ಕಟ್ಟನ್ನು ಹಿಂದುಮುಂದು ಸರಿಸುವ ಸೌಕರ್ಯ ಉಂಟು.

ಇಷ್ಟೆಲ್ಲ ಜಾಣತನದ ನಡುವೆ ವ್ಯಾಪಾರಿಗಳ ಜಗಳ ಮಾತ್ರ ಬೇಸರ ಹುಟ್ಟಿಸುತ್ತದೆ. ಒಬ್ಬರ ಬೂಟು ಇನ್ನೊಬ್ಬರ ಕಟ್ಟಿಗೆ ಕೂರದಂತೆ ಎರಡು ಪಂಗಡಗಳು ಮೂರು ದಶಕಗಳ ಕಾಲ ಹಗ್ಗಜಗ್ಗಾಡಿದವು. ಇಲಿಬೋನಿನ ಕಾಲದಲ್ಲಿ ಎಲ್ಲರಿಗೂ ಒಂದೇ ಆಗಿದ್ದ ಅಳತೆ ಹೀಗೆ ಎರಡಾಗಿ ಒಡೆದಾಗ, ಬೂಟು ಕೊಂಡ ಬಡಪಾಯಿ ಕಟ್ಟನ್ನೂ, ಕಟ್ಟು ಬದಲಿಸಿದವನು ಬೂಟನ್ನೂ ಮತ್ತೆ ಕೊಳ್ಳಬೇಕಾಯಿತು. ಕೊನೆಗೆ 2016ರಲ್ಲಿ ಸಾಲೋಮನ್ನರೇ ಎದುರಾಳಿಯ ಬೂಟಿಗೂ ಹೊಂದುವ ಕಟ್ಟನ್ನು ಮಾರುಕಟ್ಟೆಗೆ ತಂದರು.

ಕೊಡಗಿನಿಂದ ಹಿಮಕ್ಕೆ

ಹಿಮವನ್ನೇ ಕಾಣದ ಕನ್ನಡನಾಡಿಗೆ ಈ ಕಟ್ಟಿನಿಂದ ಏನಾಗಬೇಕು ಎಂದು ಕೇಳುವವರಿದ್ದರೆ, ಅವರು ಕೊಡಗಿನ ಕಡೆ ನೋಡಬೇಕು. 1948ರಲ್ಲಿ ಕಾಶ್ಮೀರದ ಯುದ್ಧರಂಗದಲ್ಲಿ 19ನೆಯ ಪದಾತಿ ದಳದ ನಾಯಕತ್ವ ವಹಿಸಿದ್ದವರು ಮಡಿಕೇರಿಯಲ್ಲಿ ಹುಟ್ಟಿದ ಕೆ. ಎಸ್. ತಿಮ್ಮಯ್ಯನವರು. ಹಿಮ ಕವಿದ ಜೋಜಿಲಾ ಕಣಿವೆಯ ಎತ್ತರಕ್ಕೆ ಟ್ಯಾಂಕುಗಳನ್ನು ಹತ್ತಿಸಿ ಶತ್ರುವನ್ನು ಬೆರಗುಗೊಳಿಸಿದ ವರ್ಷವೇ ಅವರು ಗುಲ್ಮಾರ್ಗಿನಲ್ಲಿ ತಮ್ಮ ದಳಕ್ಕಾಗಿ ಸ್ಕೀ ಶಾಲೆಯೊಂದನ್ನು ತೆರೆಸಿದರು. ಸೈನಿಕ ಹಿಮದಲ್ಲಿ ಹೋರಾಡಬೇಕಾದರೆ ಮೊದಲು ಹಿಮದಲ್ಲಿ ನಡೆಯಲು ಕಲಿಯಬೇಕಷ್ಟೆ. ಆ ಶಾಲೆಯೇ ಬೆಳೆದು ಇಂದು ಭಾರತೀಯ ಸೇನೆಯ ಉನ್ನತ ಪರ್ವತ ಯುದ್ಧಶಾಲೆಯಾಗಿದೆ.

ಅದೇ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಕ್ರಾಸ್‌ಕಂಟ್ರಿ ಸ್ಕೀಯನ್ನು ಕೈಹಿಡಿದದ್ದು ಎಳೆಯ ಪ್ರಾಯದಲ್ಲಲ್ಲ. ನಾರ್ವೆಯ ಮಕ್ಕಳು ನಡಿಗೆಯ ಜತೆಗೇ ಸ್ಕೀ ಕಲಿಯುತ್ತಾರೆ. ಕಾಫಿತೋಟಗಳ ನಾಡಿನ ಹುಡುಗಿಗೆ ಆ ಭಾಗ್ಯವೆಲ್ಲಿ ಬರಬೇಕು? ಪರ್ವತಾರೋಹಣದ ಮೂಲಕ ಹಿಮದ ಪರಿಚಯ ಮಾಡಿಕೊಂಡ ಆಕೆ ಗುಲ್ಮಾರ್ಗಿನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳಲ್ಲಿ ಕರ್ನಾಟಕಕ್ಕೆ ಚಿನ್ನ ಗೆದ್ದುಕೊಟ್ಟರು. 2025ರಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶದ ಕೊರಾಲ್ಕೊದಲ್ಲಿ ಅಂತರರಾಷ್ಟ್ರೀಯ ಸ್ಕೀ ಸಂಸ್ಥೆಯ ಸ್ಪರ್ಧೆಯಲ್ಲಿ, ಮಹಿಳೆಯರ 5 ಕಿಲೋಮೀಟರ್ ಓಟದ ಕಂಚಿನ ಪದಕವನ್ನು ಪಡೆದರು. ಕ್ರಾಸ್‌ಕಂಟ್ರಿ ಸ್ಕೀಯಲ್ಲಿ ಭಾರತದ ಮಹಿಳೆಯೊಬ್ಬಳಿಗೆ ಅಂತರರಾಷ್ಟ್ರೀಯ ಪದಕ ಬಂದದ್ದು ಅದೇ ಮೊದಲು. ಓಟಗಾರರೆಲ್ಲ ಒಟ್ಟಾಗಿ ಹೊರಡುವ ಓಟವಲ್ಲ ಅದು. ನಿಯತ ಅಂತರದಲ್ಲಿ ಒಬ್ಬೊಬ್ಬರನ್ನಾಗಿ ಬಿಡುತ್ತಾರೆ, ಎದುರಾಳಿ ಕಣ್ಣಮುಂದಿರುವುದಿಲ್ಲ, ಓಡುವುದು ಗಡಿಯಾರದ ವಿರುದ್ಧ. ಶೈಲಿ ಬಿಲ್ ಕಾಕ್ ತೋರಿದ ಪಕ್ಕದೊದೆತದ್ದು. ಆದ್ದರಿಂದ ರಬ್ಬರಿನ ಗುಬ್ಬಿಯೂ ಗಟ್ಟಿಯದು.

ಹಿಮವಿಲ್ಲದ ತಿಂಗಳುಗಳಲ್ಲಿ ಈ ಓಟದವರು ಸುಮ್ಮನೆ ಕೂರುವುದಿಲ್ಲ. ಗಾಲಿಸ್ಕೀ ಎಂಬ ಸಾಧನವೊಂದಿದೆ: ಮೊಳಕ್ಕಿಂತ ತುಸು ಉದ್ದದ ಲೋಹದ ಪಟ್ಟಿ, ಹಿಂದೊಂದು ಮುಂದೊಂದು ಗಾಲಿ, ನಡುವೆ ಹಿಮದ ಸ್ಕೀಯ ಮೇಲಿರುವ ಕಟ್ಟೇ. ಬೂಟೂ ಅದೇ. ಬೇಕಾದದ್ದು ನುಣುಪಾದ ಡಾಂಬರು ರಸ್ತೆ, ಅದಿಷ್ಟು ನಿರ್ಜನವಾಗಿದ್ದರೆ ಇನ್ನೂ ಒಳ್ಳೆಯದು. ಅಂತಹ ರಸ್ತೆಗಳು ಕೂಡ್ಲಿಗಿ ಹರಪನಹಳ್ಳಿಗಳ ಸೀಮೆಯಲ್ಲಿಯೂ ಇಲ್ಲದಿಲ್ಲ. ಸುಗ್ಗಿಯಲ್ಲಿ ಅವುಗಳ ಮೇಲೆ ಹುರುಳಿ ಸಜ್ಜೆ ಹರಡಿರುತ್ತಾರೆಂಬುದೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಗಾಲಿಸ್ಕೀಗೆ ಬಹುಮಟ್ಟಿಗೆ ಬ್ರೇಕು ಇರುವುದಿಲ್ಲ. ಆದ್ದರಿಂದ ಕಲಿಯುವವರು ಇಳಿಜಾರನ್ನು ಬಿಟ್ಟು ಏರುದಾರಿಯನ್ನೇ ಆರಿಸಿಕೊಳ್ಳುತ್ತಾರೆ, ಮೇಲೆ ತಲುಪಿದೊಡನೆ ಕೈಗೋಲಿನ ತುದಿಯಿಂದ ಕಟ್ಟಿನ ಅಗುಳಿಯನ್ನು ಒತ್ತಿ ಬೂಟು ಬಿಡಿಸಿಕೊಂಡು, ಗಾಲಿಗಳನ್ನು ಕೈಯಲ್ಲಿ ಹಿಡಿದು ನಡೆದು ಕೆಳಗಿಳಿಯುತ್ತಾರೆ.